ಅಂಚಿನಲ್ಲಿದ್ದ ಹೆಬ್ಬೆಟ್ಟು

ಓದುವ ಎಲ್ಲರಿಗೂ ನನ್ನ ನಮಸ್ಕಾರ. ಅದರಲ್ಲೂ ಈಗಷ್ಟೇ ಯಾವುದೋ ಕಚೇರಿಯ ದಾಖಲೆ ಕೋಣೆಗೆ, ಕಂಪ್ಯೂಟರ್ ಮೇಜಿಗೆ ಸೇರಿರುವ ಮಕ್ಕಳಿಗೆ ಹೆಚ್ಚಿನ ನಮಸ್ಕಾರ. ನಾನು ಸಾಲೆಗೆ ಹೋದದ್ದೇ ಹನ್ನೊಂದನೆಯ ವಯಸ್ಸಿಗೆ. ಅಲ್ಲಿಯವರೆಗೆ ಕಳ್ಳಕವಟಗಿಯ ಹೊಲಗಳಲ್ಲಿ ಕುರಿಗಳ ಹಿಂದೆ ಇದ್ದವನು. ಒತ್ತಕ್ಷರಗಳು ಇವತ್ತಿಗೂ ಒಮ್ಮೊಮ್ಮೆ ತಪ್ಪಿಸಿಕೊಳ್ಳುತ್ತವೆ. ಇದನ್ನು ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ, ಅರ್ಧ ಪುಟಕ್ಕೆ ಒಂದು ಮುಂಜಾನೆ ಹೋಗುತ್ತದೆ. ತಪ್ಪು ಕಂಡಲ್ಲಿ ನೀವೇ ತಿದ್ದಿ ಓದಿಕೊಳ್ಳಿ, ಬೇಸರ ಮಾಡಿಕೊಳ್ಳಬೇಡಿ.

ಬರೆಯಲು ಕಾರಣವಾದದ್ದು ಒಂದು ಸಣ್ಣ ಮಾತು. ನನಗೆ ಕಂಪ್ಯೂಟರ್ ಕಲಿಸುವ ಅಕ್ಕಾರು ಹೋದ ತಿಂಗಳು ಕಪ್ಪು ಪರದೆಯ ಮೇಲೆ ಒಂದು ಆಜ್ಞೆ ತೋರಿಸಿದರು. ಚಿತ್ರ ಇಲ್ಲ, ಗುಂಡಿ ಇಲ್ಲ, ಒಂದು ಸಾಲು ಬರೆದು ಎಂಟರ್ ಒತ್ತಬೇಕು ಅಷ್ಟೇ. ಅದರ ಹೆಸರು ಇನ್‌ಸ್ಟಾಲ್.

"ಇದು ಬರೇ ನಕಲು ಮಾಡೂದಲ್ರಿ ಅಜ್ಜಾರ," ಅಂದರು. "ಫೈಲು ಒಯ್ದು ಕಂಪ್ಯೂಟರಿನ ಖಾಸಾ ಕಪಾಟಿನ್ಯಾಗ ಇಡತೈತಿ. ಯಾರದು ಅಂತ ಹೆಸರು ಹಚ್ಚತೈತಿ. ಯಾರು ಓದಬೇಕು, ಯಾರು ತಿದ್ದಬೇಕು, ಅದನ್ನೂ ಗೊತ್ತು ಮಾಡತೈತಿ."

"ಅಲ್ಲಿ ಮೊದಲ ಅದ ಹೆಸರಿಂದು ಒಂದು ಇತ್ತಂದ್ರ?"

"ಹಳೇದು ಹೋತು. ನಿಮ್ಮನ್ನ ಕೇಳೂದೂ ಇಲ್ಲ. ಹಳೇದು ಒಂದು ಇಟ್ಟುಕೋ ಅಂತ ನೀವು ಮೊದಲ ಹೇಳಿದ್ರಷ್ಟ ಇಟ್ಟುಕೊಳ್ತೈತಿ."

ಅವರು ಮುಂದಿನ ಪಾಠಕ್ಕೆ ಹೋದರು. ನಾನು ಅಲ್ಲೇ ಕೂತೆ. ಎಪ್ಪತ್ತರ ದಶಕದಲ್ಲಿ ನಾನು ಟಾಕಿನ ಪೆನ್ನು, ಮಸಿಯ ದೌತಿ ಹಿಡಿದು ಮಾಡಿದ್ದು ಇದೇ ಕೆಲಸ. ಹಳೆಯದನ್ನು ಇಟ್ಟುಕೋ ಎಂದು ನನಗೂ ಯಾರೂ ಹೇಳಿರಲಿಲ್ಲ.

ಆಗ ನಮ್ಮ ವಿಜಯಪುರಕ್ಕೆ ಬಿಜಾಪುರ ಅನ್ನುತ್ತಿದ್ದರು. ನಾನಿದ್ದ ಕಚೇರಿ ಯಾವುದೆಂದು ಹೇಳುವುದಿಲ್ಲ, ಅದರ ಅವಶ್ಯಕತೆಯೂ ಇಲ್ಲ. ಹಳೆಯ ಕಲ್ಲಿನ ಕಟ್ಟಡ, ಎತ್ತರದ ಕಮಾನುಗಳು, ಒಳಗೆ ಪಾರಿವಾಳಗಳು. ತಿಕೋಟಾ, ಬಬಲೇಶ್ವರ ಕಡೆಯ ಜಮೀನಿನ ದಾಖಲೆಗಳನ್ನು ಊರಿಗೊಂದರಂತೆ ಕೆಂಪು ಬಟ್ಟೆಯಲ್ಲಿ ಕಟ್ಟಿ ಇಡುತ್ತಿದ್ದರು. ಆ ಗಂಟಿಗೆ ರುಮಾಲು ಅನ್ನುತ್ತಿದ್ದೆವು. ಮೇಲೊಂದು ರಟ್ಟು, ಕೆಳಗೊಂದು ರಟ್ಟು, ನಡುವೆ ಹಾಳೆಗಳು. ಹುಳು ತಿಂದ ಹಾಳೆಯನ್ನು ಎತ್ತುವುದು, ಹೊಸ ಹಾಳೆಗೆ ನಕಲು ಮಾಡುವುದು, ಸಾಹೇಬರ ಸಹಿ ಮತ್ತು ಮೊಹರು ಹಾಕಿಸಿ ರುಮಾಲಿನಲ್ಲಿ ಅದೇ ಜಾಗಕ್ಕೆ ಸೇರಿಸುವುದು ನನ್ನ ಕೆಲಸ. ಒಮ್ಮೆ ಸೇರಿತು ಅಂದರೆ ಅದು ನಕಲಲ್ಲ, ಅದೇ ಮೂಲ. ಈ ಮಾತನ್ನು ಚಿಕ್ಕವರು ನೆನಪಿಟ್ಟುಕೊಳ್ಳಬೇಕು.

ಸಹಿಗೆ ಹೋಗುವ ಮುಂಚೆ ತಾಳೆ ನೋಡಬೇಕಿತ್ತು. ಒಬ್ಬ ಹಳೆಯ ಹಾಳೆಯನ್ನು ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ಹೊಸದನ್ನು ಹಿಡಿದು ಕಣ್ಣಾಡಿಸುತ್ತಾನೆ. ನನ್ನ ಜೊತೆಗಾರ ಇಮಾಮಸಾಬ, ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ನಾನು ಮಾಮಾ ಅನ್ನುತ್ತಿದ್ದೆ. ಬಂದ ಹೊಸದರಲ್ಲಿ ನನ್ನ ಓದು ತೆವಳುತ್ತಿತ್ತು.

"ಹಿಂಗ್ಯಾಕ ನಿಧಾನ ಓದ್ತಿಯೋ ತಮ್ಮಾ? ಕುರಿ ಎಣಸಾಕತ್ತಿಯೇನು?"

"ಒಂದು ತಪ್ಪಿದ್ರ ಮತ್ತ ಮೊದಲಿಂದ ಎಣಸಬೇಕಲ್ಲ ಮಾಮಾ."

"ಹಂಗಾರ ಎಣಸು. ಇಲ್ಲಿ ತೋಳ ಬರೂದಿಲ್ಲ, ಬರೇ ಗೆದ್ದಲ ಅದಾವ."

ಮಧ್ಯಾಹ್ನ ಒಂದು ಚಹಾ ತರಿಸುತ್ತಿದ್ದೆವು. ಕಪ್ಪಿನಲ್ಲಿ ಉಳಿದದ್ದು ನನಗೆ, ಬಸಿಗೆ ಸುರಿದದ್ದು ಅವರಿಗೆ. ನಾನು ಇಂಡಿ ರಸ್ತೆಯ ಕಡೆ ಒಂದು ಖೋಲಿಯಲ್ಲಿ ಒಬ್ಬನೇ ಇದ್ದೆ. ದಿನದಲ್ಲಿ ನನ್ನನ್ನು ತಮ್ಮಾ ಎಂದು ಕರೆಯುವವರು ಅವರೊಬ್ಬರೇ ಆಗಿದ್ದರು. ಅದು ಆಗ ನನಗೆ ಗೊತ್ತಿರಲಿಲ್ಲ.

ನನ್ನ ಮೊದಲ ತಪ್ಪು ನಗುವಂಥದ್ದು. ತಿಕೋಟಾದ ರುಮಾಲಿಗೆ ಸೇರಬೇಕಾದ ಹಾಳೆಯನ್ನು ಬಬಲೇಶ್ವರದ ರುಮಾಲಿಗೆ ಸೇರಿಸಿಬಿಟ್ಟೆ. ತಿಕೋಟಾದ ಒಬ್ಬ ಮುದುಕ ಬಸ್ಸಿನಲ್ಲಿ ಮೂರು ಸಲ ಬಂದು ಹೋದ. ಮೂರನೆಯ ಸಲ ರೊಟ್ಟಿ ಗಂಟು ತಂದು ಬಾಗಿಲಲ್ಲೇ ಕೂತ. "ಸಿಗೂತನಕಾ ಇಲ್ಲೇ ಉಣತೇನಿ, ಇಲ್ಲೇ ಮಲಗತೇನಿ. ನಿಮಗೂ ಎರಡು ರೊಟ್ಟಿ ಹೆಚ್ಚಿಗೆ ಕಟಗೊಂಡ ಬಂದೇನಿ, ಹುಡುಕಾಕ ಶಕ್ತಿ ಬೇಕಲ್ಲ," ಅಂದ. ಹುಡುಕಿದೆವು, ಸಿಕ್ಕಿತು, ರೊಟ್ಟಿಯನ್ನೂ ತಿಂದೆವು.

ನಮ್ಮ ಮೇಲಿನವರನ್ನು ಎಲ್ಲರೂ ರಾವಸಾಹೇಬರು ಅನ್ನುತ್ತಿದ್ದರು. ಅವರು ಬೈಯುತ್ತಿರಲಿಲ್ಲ. ಕರೆಸಿ, ಎದುರಿಗೆ ನಿಲ್ಲಿಸಿ, ತಮ್ಮ ಬರವಣಿಗೆ ಮುಗಿಯುವ ತನಕ ತಲೆ ಎತ್ತುತ್ತಿರಲಿಲ್ಲ. ಆ ನಿಲ್ಲುವುದೇ ಬೈಗುಳ. ಅವತ್ತು ಕೊನೆಗೆ ತಲೆ ಎತ್ತಿ, "ಹರದ ಕಾಗದ ಅಂಟಿಸಬಹುದು ಬೀರಪ್ಪ. ಜಾಗಾ ತಪ್ಪಿದ ಕಾಗದ ಎಲ್ಲಿ ಹುಡುಕೂದು?" ಅಂದರು, ಅಷ್ಟೇ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಇದನ್ನು ಬರೆಯಲು ಹಿಂಜರಿದು ಬೇಕೆಂದೇ ಸುತ್ತು ಹಾಕಿದೆ.

ಊರಿನ ಜಮೀನು ದಾಖಲೆ ಬರೆಯುವವನಿಗೆ ನಮ್ಮ ಕಡೆ ತಲಾಠಿ ಅನ್ನುತ್ತಾರೆ. ಹಳೆಯ ತಲಾಠಿಗಳು ಮುಂಬಯಿ ಪ್ರಾಂತದ ಕಾಲದವರು. ಹಾಳೆಯ ನಡುವಿನದನ್ನು ಕನ್ನಡದಲ್ಲಿ ಬರೆದರೂ ಅಂಚಿನಲ್ಲಿ ತಮ್ಮ ನೆನಪಿಗೆಂದು ಮೋಡಿ ಅಕ್ಷರದಲ್ಲಿ ಏನಾದರೂ ಗೀಚುತ್ತಿದ್ದರು. ಮರಾಠಿಯನ್ನು ಕೈ ಎತ್ತದೆ ಓಡಿಸಿ ಬರೆಯುವ ಹಳೆಯ ಲಿಪಿ ಅದು. ನನಗೆ ಬರುತ್ತಿರಲಿಲ್ಲ. ಇಮಾಮಸಾಬರಿಗೆ ನೀರು ಕುಡಿದಷ್ಟು ಸುಲಭ. ಮೊದಮೊದಲು ನಗಿಸಲೆಂದು ಓದಿ ಹೇಳುತ್ತಿದ್ದರು. "ಇಲ್ಲಿ ನೋಡು, ಈ ಊರ ಗೌಡನ ಮನ್ಯಾಗ ಮಜ್ಜಿಗಿ ಛಲೋ ಇತ್ತು ಅಂತ ಬರದಾನ. ಇದನ್ನೂ ನಕಲು ಮಾಡಿ ಸಾಹೇಬರ ಸಹಿ ತಗೋತಿಯೇನು?" ಅಂಚಿನಲ್ಲಿ ಇರುವುದೆಲ್ಲ ಮಜ್ಜಿಗೆಯ ಮಾತೇ ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿತು. ನಮಗಿಂತ ಮುಂಚಿನವರೂ ಅಂಚು ಬಿಟ್ಟೇ ನಕಲು ಮಾಡುತ್ತಿದ್ದರು. ನಾವೂ ಬಿಟ್ಟೆವು.

ಇನ್ನೊಂದು ರೂಢಿ ಇತ್ತು. ನಕಲಾದ ಮೇಲೆ ಹಳೆಯ ಹಾಳೆಗಳನ್ನು ಇಡಲು ಜಾಗವಿರಲಿಲ್ಲ. ಹುಳು ಹತ್ತದಂತೆ ಗಂಜಿಗೆ ಮೈಲುತುತ್ತ ಕಲೆಸಿ, ಆ ಹಾಳೆಗಳನ್ನೇ ಒಂದರ ಮೇಲೊಂದು ಅಂಟಿಸಿ, ರುಮಾಲುಗಳಿಗೆ ಹೊಸ ರಟ್ಟು ಮಾಡುತ್ತಿದ್ದೆವು. ಆ ಕೆಲಸವೂ ನನ್ನದೇ. ಹೊಸ ಹಾಳೆಯನ್ನು ಕಾಯಲು ಹಳೆಯ ಹಾಳೆ ರಟ್ಟಾಗುತ್ತಿತ್ತು.

ಒಂದು ಬೇಸಿಗೆಯ ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಬಂದಳು. ಬಬಲೇಶ್ವರದ ಬಸ್ಸಿಗೆ ಬಂದಿದ್ದಳು, ಕಾಲೆಲ್ಲ ಧೂಳು. ವಯಸ್ಸು ಐವತ್ತರ ಆಚೀಚೆ. ಹೆಸರು ಮಾಳವ್ವ. ಊರು, ಗಂಡನ ಹೆಸರು ಹೇಳಿದಳು. ಗಂಡ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಊರ ಚಾವಡಿಗೆ ಹೋಗಿ ಕೇಳಿದರೆ ಅಲ್ಲಿಯೂ ನನ್ನ ನಕಲಿನ ಪ್ರತಿಯೇ ಇತ್ತು, ಅಲ್ಲಿಯ ಹಳೆಯದೂ ಜೀರ್ಣವಾಗಿ ಹೋಗಿತ್ತು.

"ಯಪ್ಪಾ, ನನ್ನ ಹೆಸರ ಎಲ್ಲಿ ಹೋತು?" ಅಂದಳು.

ಅವಳದು ಉಡಿಕಿ. ಗಂಡ ಸತ್ತ ಹೆಣ್ಣುಮಗಳನ್ನು ಇನ್ನೊಬ್ಬ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದಕ್ಕೆ ನಮ್ಮಲ್ಲಿ ಉಡಿಕಿ ಅನ್ನುತ್ತಾರೆ. ಹಂದರ ಇಲ್ಲ, ವಾಲಗ ಇಲ್ಲ, ನಾಲ್ಕು ಹಿರಿಯರು ಸಾಕು. ಈ ಗಂಡನಿಗೆ ತನ್ನ ತಮ್ಮಂದಿರ ಗುಣ ಗೊತ್ತಿತ್ತು. ಹಾಗಾಗಿ ಮದುವೆಯಾದ ವರ್ಷವೇ ಇವಳನ್ನು ಚಾವಡಿಗೆ ಕರೆದುಕೊಂಡು ಹೋಗಿ, ಇವಳು ನನ್ನ ಹೆಂಡತಿ ಎಂದು ತಲಾಠಿಯ ಮುಂದೆ ಹೇಳಿ ಬರೆಸಿದ್ದ. ಆ ನಾಲ್ಕು ಹಿರಿಯರು ಈಗ ಇರಲಿಲ್ಲ. ಮಕ್ಕಳಾಗಿರಲಿಲ್ಲ.

"ಮೈದುನರು ಏನಂತಾರ?" ಕೇಳಿದೆ.

"ಕೂಲಿಗೆ ಬಂದಾಕಿ, ಉಳಕೊಂಡಾಳ ಅಂತಾರ್ರಿ. ಹೆಂಡತಿ ಅನ್ನಾಕ ಕಾಗದ ತೋರಿಸು, ಇಲ್ಲಂದ್ರ ಮನಿ ಬಿಡು, ಹೊಲಕ್ಕ ಕಾಲಿಡಬ್ಯಾಡ ಅಂದಾರ. ಮುಂದಿನ ತಿಂಗಳ ಸಾಹೇಬರ ಮುಂದ ತಾರೀಖ ಐತಿ."

ರುಮಾಲು ಬಿಚ್ಚಿದೆ. ಹಾಳೆ ನನ್ನ ಅಕ್ಷರದಲ್ಲೇ ಇತ್ತು. ಚೊಕ್ಕ, ಒಂದು ಚಿತ್ತಿಲ್ಲ. ಅವಳ ಹೆಸರು ಎಲ್ಲಿಯೂ ಇರಲಿಲ್ಲ.

"ಇದರಾಗ ಇಲ್ಲಬೇ ಯವ್ವಾ."

"ಇದು ಹೊಸಾ ಹಾಳಿ. ನಾನಿದ್ದದ್ದು ಹಳೇದರಾಗ. ತಲಾಠಿ ನನ್ನ ಹೆಬ್ಬಟ್ಟ ಹಿಡದು ಬಾಜೂಕ ಒತ್ತಿಸಿಕೊಂಡಾನ್ರಿ, ಮಸಿ ಎರಡು ದಿನ ಹೋಗಿರಲಿಲ್ಲ. ಹಳೇದು ತಗೀರಿ."

"ಹಳೇದು ಇಲ್ಲ."

"ನನ್ನ ಕೇಳದ ಹೆಂಗ ತಗದ್ರಿ?" ಅಂದಳು. ಸಿಟ್ಟಿನಿಂದ ಅಲ್ಲ. ನಿಜವಾಗಿ ತಿಳಿಯದೆ ಕೇಳಿದಳು.

ಬಾಜೂಕ ಮಸಿ ಎಂದ ಕೂಡಲೇ ನನಗೆ ನೆನಪಾಗಿತ್ತು. ಆ ಹಾಳೆಯ ಅಂಚಿನಲ್ಲಿ ಒಂದು ಕಪ್ಪು ಕಲೆ ಇತ್ತು. ಹಳಬರು ಎಷ್ಟು ಹೊಲಸು ಮಾಡಿದ್ದಾರೆ, ನನ್ನದು ಎಷ್ಟು ಚೊಕ್ಕಾಗಿದೆ ಎಂದು ಮನಸ್ಸಿನಲ್ಲಿ ಉಬ್ಬಿದ್ದೆ. ಅವಳಿಗೆ ಮಾತ್ರ, "ನೋಡತೀನಿ, ಎಂಟು ದಿನ ಬಿಟ್ಟು ಬಾ," ಅಂದೆ.

ಅವಳು ಹೋದ ಮೇಲೆ ಇಮಾಮಸಾಬರ ಹತ್ತಿರ ಕೂತೆ. ಅವರು ಒಳಗಿನಿಂದ ಎಲ್ಲಾ ಕೇಳಿಸಿಕೊಂಡಿದ್ದರು.

"ಮಸಿ ಕಲಿ ಇತ್ತು ಮಾಮಾ. ನೀವೂ ನೋಡೀರಿ."

"ನೋಡೀನಿ."

"ಬಾಜೂಕ ಮೋಡಿ ಇತ್ತು."

"ಇತ್ತು. ಓದಲಿಲ್ಲ. ಅವತ್ತ ರಾಶಿ ಹಾಳಿ ಮುಗಸಬೇಕಿತ್ತು. ನೀ ನಡುವಿಂದು ಓದಿದಿ, ನಾ ನಡುವಿಂದು ನೋಡಿ ಸಹಿ ಮಾಡಿದೆ." ಬಸಿ ಕೆಳಗಿಟ್ಟರು. "ಈಗ ಏನು ಮಾಡಾಂವ ನೀ?"

"ರಾವಸಾಹೇಬರಿಗೆ ಬರದ ಕೊಡತೀನಿ."

"ಬರದಿ ಅಂದ್ರ ಇದೊಂದ ಹಾಳಿ ತಗಿಯೂದಿಲ್ಲೋ ಅವ್ರು. ನಾವಿಬ್ರೂ ಮಾಡಿದ್ದೆಲ್ಲಾ ತಗೀತಾರ. ನನಗ ಎರಡ ವರ್ಷ ಉಳದೈತಿ. ಇಷ್ಟ ವರ್ಷದಾಗ ನನ್ನ ಸಹಿ ಮ್ಯಾಲೆ ಯಾವನೂ ಬಟ್ಟ ಇಟ್ಟಿಲ್ಲ ತಮ್ಮಾ."

"ಆಕಿ ಮನಿ ಹೋಗತೈತಿ ಮಾಮಾ."

"ಗೊತ್ತೈತಿ." ಬಸಿಯನ್ನು ಕಪ್ಪಿನ ಕೆಳಗೆ ಸರಿಸಿ ಅಂದರು, "ನಿನಗ ತಾಳೆ ನೋಡಾಕ ಕಲಿಸಿದಾಂವ ನಾ."

ಇಲ್ಲಿ ನಾನು ದೊಡ್ಡವನಾಗಬಾರದು, ಇದ್ದದ್ದನ್ನೇ ಬರೆಯುತ್ತೇನೆ. ನಾಲ್ಕು ದಿನ ಏನೂ ಮಾಡಲಿಲ್ಲ. ಎರಡು ಸಲ ಬರೆದು ಹರಿದೆ. ಅವಳು ಮತ್ತೆ ಬರದೇ ಹೋದರೆ ಚೆನ್ನಾಗಿತ್ತು ಎಂದೂ ಒಮ್ಮೆ ಅನ್ನಿಸಿತು. ಐದನೆಯ ದಿನ ಬರೆದು ಒಯ್ದೆ. ನನ್ನ ಹೆಸರೊಂದನ್ನೇ ಬರೆದಿದ್ದೆ.

ರಾವಸಾಹೇಬರು ಅವತ್ತು ನಿಲ್ಲಿಸಲಿಲ್ಲ, ಕೂಡಲೇ ಓದಿದರು. "ತಾಳೆ ಯಾರು ನೋಡಿದ್ರು?" ಅಂದರು. ಅವರು ರುಮಾಲು ತರಿಸಿ, ಹಾಳೆ ತಿರುಗಿಸಿ, ಕೆಳಗಿನ ಸಹಿ ತಾವೇ ನೋಡಿಕೊಂಡರು.

"ಹಳೀ ಹಾಳಿ ಏನಾತು?"

"ರಟ್ಟಿಗೆ ಹೋತ್ರಿ."

"ಯಾವ ರಟ್ಟಿಗೆ?"

"ಆವಾಗ ತಿಕೋಟಾ ಕಡೆ ಊರುಗಳಿಗೆ ಮಾಡಾಕತ್ತಿದ್ನಿರಿ. ಯಾವ ಊರಿಂದು ಅಂತ ನೆನಪಿಲ್ಲ."

"ನೆನಪು ಬೇಕಾಗಿಲ್ಲ. ಎಲ್ಲಾ ಬಿಚ್ಚು. ಬಿಚ್ಚಿದ್ದನ್ನ ಮತ್ತ ನೀನ ಅಂಟಿಸಬೇಕು, ನೆಪ್ಪಿರಲಿ."

ಒಬ್ಬನೇ ಬಿಚ್ಚಿದೆ. ರಟ್ಟನ್ನು ನೀರಿನಲ್ಲಿ ನೆನೆಸಿ, ಗಂಜಿ ಸಡಿಲವಾದ ಮೇಲೆ ಪದರು ಪದರು ಎತ್ತಿ, ಕಲ್ಲಿನ ನೆಲದ ಮೇಲೆ ಒಣಗಿಸಿದೆ. ಪಾರಿವಾಳಗಳು ಅದರ ಮೇಲೆ ಓಡಾಡದಂತೆ ಕೂತು ಕಾಯಬೇಕಿತ್ತು. ಮೈಲುತುತ್ತಕ್ಕೆ ಬೆರಳ ತುದಿಗಳು ಬಿರಿದು ಉರಿಯುತ್ತಿದ್ದವು. ಪಕ್ಕದ ಮೇಜಿನವರು ಬಂದು ನೋಡಿ ಹೋಗುತ್ತಿದ್ದರು, ಕೈ ಹಚ್ಚುತ್ತಿರಲಿಲ್ಲ. ಒಬ್ಬ, "ಏನಪಾ, ಅರಿವಿ ಒಗಿಯೂ ಅಂಗಡಿ ತಗದಿ?" ಎಂದು ಹೋದ. ಇಮಾಮಸಾಬರು ಆ ಕಡೆ ಬರಲೇ ಇಲ್ಲ.

ಎಂಟು ದಿನಕ್ಕೆ ಮಾಳವ್ವ ಬಂದಳು. ಇನ್ನೂ ಸಿಕ್ಕಿರಲಿಲ್ಲ. ನೆಲದ ತುಂಬ ಹಾಳೆ ನೋಡಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಮೂಲೆಯಲ್ಲಿ ಕೂತು, ಸಂಜೆಯ ಬಸ್ಸಿನ ತನಕ ಪಾರಿವಾಳ ಓಡಿಸಿದಳು.

ಹನ್ನೆರಡನೆಯ ದಿನ ಹೊನವಾಡದ ರುಮಾಲಿನ ಕೆಳಗಿನ ರಟ್ಟಿನಲ್ಲಿ, ಮೂರನೆಯ ಪದರಲ್ಲಿ ಆ ಕಪ್ಪು ಕಲೆ ಕಂಡಿತು. ಹಳೆಯ ಮಸಿ ನೀರಿಗೆ ಜಗ್ಗಿರಲಿಲ್ಲ. ನನ್ನ ಕಾಲದ ನೀಲಿ ಶಾಯಿಯಾಗಿದ್ದರೆ ಕರಗಿ ಹೋಗುತ್ತಿತ್ತು. ಹತ್ತಿರ ಹಿಡಿದು ನೋಡಿದರೆ ಅದು ಕಲೆಯಲ್ಲ, ಹೆಬ್ಬೆಟ್ಟು. ಗೆರೆಗಳನ್ನು ಎಣಿಸಬಹುದಿತ್ತು. ಬಾಜೂಕ ಎರಡು ಸಾಲು ಮೋಡಿ.

ಆ ಕಚೇರಿಯಲ್ಲಿ ಅದನ್ನು ಓದಬಲ್ಲವರು ಒಬ್ಬರೇ. ರಾವಸಾಹೇಬರು ಕರೆಸಿದರು. ಇಮಾಮಸಾಬರು ಬಂದು, ನನ್ನ ಕಡೆ ನೋಡದೆ, ಹಾಳೆಯನ್ನು ಎರಡೂ ಅಂಗೈ ಮೇಲೆ ತೆಗೆದುಕೊಂಡರು. ಓದಲು ಬರುವುದಿಲ್ಲ, ಅಕ್ಷರ ಹೋಗಿದೆ ಎಂದಿದ್ದರೆ ಯಾರೂ ಏನೂ ಮಾಡುವಂತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರು ತಾಳೆ ನೋಡುವಾಗಿನ ಅದೇ ದನಿಯಲ್ಲಿ, ಒಂದೊಂದೇ ಪದ ಬಿಡಿಸಿ ಕನ್ನಡದಲ್ಲಿ ಹೇಳಿದರು: "ಇವನ ಹೆಂಡತಿ ಮಾಳವ್ವ, ಉಡಿಕಿ. ಗಂಡನೇ ಮುಂದೆ ನಿಂತು ಬರೆಸಿದ್ದಾನೆ. ಹೆಬ್ಬೆಟ್ಟು ಅವಳದೇ."

ಓದಿ, ಹಾಳೆಯನ್ನು ಮೇಜಿನ ಮೇಲೆ ಇಟ್ಟು, ಹೊರಗೆ ಹೋದರು.

ಅವರು ಅಂದಂತೆಯೇ ಆಯಿತು. ನಾವಿಬ್ಬರೂ ಮಾಡಿದ ಹಾಳೆಗಳನ್ನೆಲ್ಲ ತೆಗೆಸಿದರು. ಇಬ್ಬರಿಗೂ ಕಾರಣ ಕೇಳಿ ಕಾಗದ ಬಂತು. ಅವರನ್ನು ಹೊರಗಿನ ಆವಕ-ಜಾವಕ ಮೇಜಿಗೆ, ಬಂದುಹೋಗುವ ಟಪಾಲು ಬರೆದುಕೊಳ್ಳುವ ಕಡೆಗೆ ಹಾಕಿದರು. ಉಳಿದ ನಕಲುಗಾರರೂ ತಮ್ಮ ಹಳೆಯ ಕೆಲಸವನ್ನು ಮತ್ತೆ ನೋಡಬೇಕಾಯಿತು. ಅದಕ್ಕೆಲ್ಲ ಕಾರಣ ನಾನು. ನಾನು ಹೋದರೆ ಮಾತು ನಿಲ್ಲುತ್ತಿತ್ತು. ಮಧ್ಯಾಹ್ನ ಒಂದು ಚಹಾ ಪೂರ್ತಿ ನಾನೇ ಕುಡಿಯತೊಡಗಿದೆ. ಇಮಾಮಸಾಬರಿಗೆ ದಿನಾ ನಮಸ್ಕಾರ ಮಾಡುತ್ತಿದ್ದೆ. ಅವರು ತಲೆ ಆಡಿಸುತ್ತಿದ್ದರು, ಮಾತಿಲ್ಲ. ಅವರ ನಿವೃತ್ತಿಯ ದಿನ ಎಲ್ಲರ ಜೊತೆ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಕೈ ಮುಟ್ಟಿದರು, ಮುಂದಿನವನ ಕಡೆ ನೋಡಿದರು. ಕೆಲವು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಕೇಳಿ ಅವರ ಓಣಿಯ ತುದಿಯವರೆಗೆ ಹೋಗಿ ನಿಂತು ಬಂದೆ. ಒಳಗೆ ಹೋಗಲು ನನಗೆ ಸಂಬಂಧ ಏನಿತ್ತು?

ಆಮೇಲೆ ಕನ್ನಡ ಟೈಪ್‌ರೈಟರ್ ಬಂತು. ಗಟ್ಟಿಯಾಗಿ ಓದುವ ತಾಳೆ ಕಡಿಮೆಯಾಯಿತು, ಒಬ್ಬನೇ ಕೂತು ಕಣ್ಣಿನಲ್ಲೇ ನೋಡುವುದು ರೂಢಿಯಾಯಿತು. ಕೋಣೆಯಲ್ಲಿ ಕಟಕಟ ಸದ್ದು ಬಿಟ್ಟರೆ ಮನುಷ್ಯರ ದನಿ ಇಲ್ಲದಾಯಿತು. ಒಂದು ಒಳ್ಳೆಯ ಬದಲಾವಣೆಯೂ ಆಯಿತು. ರಾವಸಾಹೇಬರು ಹೊರಡಿಸಿದ ಆದೇಶದಂತೆ ಪ್ರತಿ ರುಮಾಲಿನ ಹಿಂದೆ ಹಳೆಯ ಹಾಳೆಗಳಿಗೆ ಒಂದು ಚೀಲ ಹೊಲಿಸಿದರು. ಅಂಚನ್ನು ಓದದೆ ತಾಳೆ ಸಹಿ ಮಾಡುವಂತಿರಲಿಲ್ಲ. ಮೋಡಿ ಓದುವವರೇ ನಮ್ಮ ಕೋಣೆಯಲ್ಲಿ ಉಳಿಯಲಿಲ್ಲವಾದ್ದರಿಂದ ನಾನೇ ಒಬ್ಬ ಮುದುಕರ ಹತ್ತಿರ ಎರಡು ವರ್ಷ ಕಲಿತೆ. ಆಗ ಇಮಾಮಸಾಬರು ಇನ್ನೂ ಇದ್ದರು, ಅವರನ್ನು ಕೇಳಬಹುದಿತ್ತು. ಕೇಳಲು ಬಾಯಿ ಬರಲಿಲ್ಲ.

ಮತ್ತೆ ಆ ವರ್ಷಕ್ಕೇ ಬರುತ್ತೇನೆ. ಮಾಳವ್ವನ ಮನೆ, ಹೊಲ ಅವಳಿಗೇ ಉಳಿದವು. ತಾರೀಖು ಮುಗಿದ ಮಾರನೆಯ ವಾರ ಕಚೇರಿಗೆ ಬಂದಳು. ಹಳೆಯ ಹಾಳೆ ನೋಡಬೇಕು ಅಂದಳು. ತೆಗೆದು ಹರವಿದೆ. ಅವಳಿಗೆ ಓದು ಬರದು.

"ನಾ ಎಲ್ಲಿದ್ದೇನ್ರಿ?"

ಅವಳ ಬೆರಳು ಹಿಡಿದು ಎರಡು ಸಾಲಿನ ಮೇಲೆ ಇಟ್ಟೆ. ಬಗ್ಗಿ ನೋಡಿದಳು. "ಇಷ್ಟ ಸಣ್ಣದೇನ್ರಿ?" ಅಂದಳು. ಆಮೇಲೆ ತನ್ನ ಹೆಬ್ಬೆಟ್ಟನ್ನು ಹಾಳೆಯ ಹೆಬ್ಬೆಟ್ಟಿನ ಪಕ್ಕಕ್ಕೆ ಹಿಡಿದು, ಮುಟ್ಟಿಸದೆ, ಎರಡನ್ನೂ ನೋಡುತ್ತ ನಿಂತಳು. "ಇದನ್ನ ಓದಿ ಹೇಳಿದವ್ರು ಯಾರು?" ಎಂದಳು.

ಹೊರಗಿನ ಮೇಜಿನ ಕಡೆ ತೋರಿಸಿದೆ. ಅವಳು ಹೋಗಿ ಇಮಾಮಸಾಬರ ಮುಂದೆ ನಿಂತು ಕೈ ಮುಗಿದಳು. "ನೀವು ಓದಿದ್ದಕ್ಕ ನಾ ಮನ್ಯಾಗ ಅದೀನ್ರಿ ಯಪ್ಪಾ," ಅಂದಳು.

ಅವರು ಟಪಾಲಿನ ವಹಿಯಿಂದ ತಲೆ ಎತ್ತಲಿಲ್ಲ. ಆದರೆ ಕಮಾನಿನ ಕಟ್ಟಡ, ಮಾತು ಒಳಗಿನವರೆಗೆ ಬರುತ್ತಿತ್ತು.

"ನಾ ಬರೇ ಓದೀನವ್ವಾ. ತಪ್ಪಾಗೇತಿ ಅಂತ ಹೇಳಿದಾಂವ ಒಳಗ ಕುಂತಾನ ನೋಡು. ಅಂವಗ ಕೈ ಮುಗಿ."

ನನ್ನ ಬಗ್ಗೆ ಅವರು ಆಡಿದ ಕೊನೆಯ ಮಾತು ಅದು, ನನಗೆ ಆಡಿದ್ದಲ್ಲ.

ಓದಿದವರಲ್ಲಿ ನಕಲು ಮಾಡಿದವರು, ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟವರು ಬಹಳ ಜನ ಇರಬೇಕು, ಪೆನ್ನಿನಿಂದಲೋ ಕಂಪ್ಯೂಟರಿನಿಂದಲೋ. ನಿಮ್ಮ ಕೈಯಿಂದ ಬಿಟ್ಟುಹೋದದ್ದು ಏನು, ಅದನ್ನು ಹೇಳಲು ಎಷ್ಟು ದಿನ ಹಿಡಿಯಿತು, ಹೇಳಿದ ಮೇಲೆ ಯಾರು ನಿಮ್ಮ ಜೊತೆ ಮಾತು ಬಿಟ್ಟರು, ದಯವಿಟ್ಟು ಬರೆಯಿರಿ. ಎಷ್ಟು ಉದ್ದವಿದ್ದರೂ ಓದುತ್ತೇನೆ.